ಗಾಳಿ ಬೇಡದ ಗನ್ನು

"ಬುದ್ಧಿ, ಮೊಳೆ ಹೊಡೆಯುವ ಗನ್ನು ಎರಡು ಬಗೆಯದು ಬಂದಿದೆ. ಒಂದಕ್ಕೆ ಗಾಳಿಯ ಪೈಪು ಬೇಕು. ಇನ್ನೊಂದಕ್ಕೆ ಬ್ಯಾಟರಿ ಸಾಕು. ಯಾವುದನ್ನು ಕೊಳ್ಳಲಿ?"

ಕೇಳಿದವನು ವೀರಾಚಾರಿ. ಮರದ ಮನೆಗಳಿಗೆ ಚೌಕಟ್ಟು ಕಟ್ಟುವ ಬಡಗಿ. ಅಮಾವಾಸ್ಯೆಯ ದಿನ ಬಡಗಿಗಳು ಉಳಿ ಮುಟ್ಟುವುದಿಲ್ಲ. ಅಂದು ಮಠಕ್ಕೆ ಬಂದು ಹೋಗುವುದು ಅವನ ರೂಢಿ. ಅವನೊಡನೆ ಕೆಲಸ ಮಾಡುವ ಅಕ್ಕನ ಗಂಡನೂ ಪ್ರತಿ ಸಲ ಬರುತ್ತಿದ್ದ. ಹತ್ತು ಗಂಟೆಯ ಬಸ್ಸಿನಿಂದ ಇಬ್ಬರೂ ಇಳಿಯುತ್ತಿದ್ದರು. ಈ ಸಲ ವೀರಾಚಾರಿ ಎಂಟು ಗಂಟೆಯ ಬಸ್ಸಿಗೆ ಒಬ್ಬನೇ ಬಂದಿದ್ದ.

ಗುರುಗಳು ಮಠ ಸೇರುವ ಮೊದಲು ಬಹಳ ಕಾಲ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವರು. ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ.

"ಭಾವ ಬರಲಿಲ್ಲವೇ?" ಎಂದರು.

"ಅವರಿಗೆ ಬೇರೆ ಕೆಲಸ ಇತ್ತು, ಬುದ್ಧಿ."

"ಅಮಾವಾಸ್ಯೆಯ ದಿನ ಬಡಗಿಗೆ ಎಂಥ ಕೆಲಸವಪ್ಪಾ?"

ವೀರಾಚಾರಿ ನೆಲ ನೋಡಿದ. ಗುರುಗಳು ಮತ್ತೆ ಕೇಳಲಿಲ್ಲ. ಈ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಅವನಿಗೊಬ್ಬ ಜೊತೆಗಾರ. ಬಡಗಿ ಮೇಲೆ ಕೂತು ಗನ್ನಿನಿಂದ ತೊಲೆಗೆ ಸೂರು ಹೊರುವ ಪಕಾಸಿ ಜೋಡಿಸುತ್ತಿದ್ದ. ಜೊತೆಗಾರ ಕೆಳಗೆ ಗನ್ನಿಗೆ ಗಾಳಿ ಒತ್ತುವ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ. ಪೈಪು ಸಿಕ್ಕಿಕೊಂಡರೆ ಬಿಡಿಸುತ್ತಿದ್ದ, ಸುತ್ತಿಗೆ ಬೇಕೆಂದರೆ ಮೇಲಕ್ಕೆ ಕೊಡುತ್ತಿದ್ದ. ಕಂಪ್ರೆಸರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಮೇಲಿನವನು ಮರದ ಮೇಲೆ ಎರಡು ಸಲ ತಟ್ಟುತ್ತಿದ್ದ. ಗಾಳಿ ಬಿಡು ಎಂದು ಅರ್ಥ. ಕೆಳಗಿನವನು ಕಂಬಕ್ಕೆ ಕೈ ಇಟ್ಟುಕೊಂಡೇ ಇರುತ್ತಿದ್ದ. ಮರದೊಳಗಿಂದ ಅವನ ಕೈಗೆ ತಿಳಿಯುತ್ತಿತ್ತು. ಅವನು ಒಂದು ಸಲ ತಟ್ಟುತ್ತಿದ್ದ. ಬಿಟ್ಟೆ ಎಂದು ಅರ್ಥ.

ಹೀಗೆ ಹತ್ತು ವರ್ಷ ಕಳೆಯಿತು. ಕಂಪ್ರೆಸರ್ ನಿಲ್ಲಿಸಿದ ಮೇಲೂ ಅಭ್ಯಾಸ ಬಿಡಲಿಲ್ಲ. ಸಂಜೆ ಏಣಿಗೆ ಕಾಲಿಡುವ ಮೊದಲು ಬಡಗಿ ಎರಡು ತಟ್ಟುತ್ತಿದ್ದ. ಜೊತೆಗಾರ ಒಂದು ತಟ್ಟಿ ಏಣಿ ಹಿಡಿಯುತ್ತಿದ್ದ.

ಜೊತೆಗಾರ ನಿಧಾನದ ಆಸಾಮಿ. ಚಹಾಕ್ಕೆ ಹೋದರೆ ಬೇಗ ಬರುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತನಾಡಿಸುತ್ತಿದ್ದ. ಗಾಳಿ ಬರುವ ತನಕ ಬಡಗಿ ಮೇಲೆ ಸುಮ್ಮನೆ ಕೂರಬೇಕಾಗುತ್ತಿತ್ತು. ಒಮ್ಮೆ ಕೆಲಸ ಮಾಡಿಸುವ ಯಜಮಾನನೊಬ್ಬ ಅದನ್ನು ನೋಡಿ ನಕ್ಕ.

"ಏನಯ್ಯಾ, ನೀನು ಮೇಲೆ ಕೂತಿದ್ದೀಯ, ನಿನ್ನ ಬಾಲ ಹಿಡಿದುಕೊಂಡವನು ಚಹಾದಂಗಡಿಯಲ್ಲಿದ್ದಾನೆ!"

ಆ ಮಾತು ಬಡಗಿಗೆ ನಾಟಿತು. ಮರುದಿನವೇ ಪೇಟೆಗೆ ಹೋಗಿ ಒಬ್ಬ ವರ್ತಕನ ಅಂಗಡಿ ಹತ್ತಿದ.

ವರ್ತಕ ಎರಡೂ ಬಗೆಯ ಗನ್ನನ್ನು ಮುಂದಿಟ್ಟ. ಗಾಳಿಯದು ಹಗುರ, ದಿನವಿಡೀ ಹೊಡೆದರೂ ಬಿಸಿಯಾಗುವುದಿಲ್ಲ, ಕೆಟ್ಟರೆ ರಿಪೇರಿ ಸುಲಭ. ಬ್ಯಾಟರಿಯದು ಭಾರ. ಆದರೆ ಪೈಪಿಲ್ಲ, ಕಂಪ್ರೆಸರಿಲ್ಲ. ಗುಂಡಿ ಒತ್ತಿದಾಗೊಮ್ಮೆ ಒಂದೇ ಮೊಳೆ ಹೊಡೆಯುವಂತೆ ಇಟ್ಟುಕೊಳ್ಳಬಹುದು. ಗುಂಡಿ ಒತ್ತಿಯೇ ಹಿಡಿದು, ಮೂತಿ ಮರಕ್ಕೆ ತಾಗಿದಾಗಲೆಲ್ಲ ಹೊಡೆಯುವಂತೆಯೂ ಇಟ್ಟುಕೊಳ್ಳಬಹುದು. ಎರಡನೆಯದು ಬೇಗ, ಆದರೆ ಅಪಾಯ. ಇಷ್ಟನ್ನೂ ವರ್ತಕ ಮುಚ್ಚುಮರೆಯಿಲ್ಲದೆ ಹೇಳಿದ. ಕೊನೆಗೆ, "ಜೊತೆಗೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿದ.

"ಅದು ನಿಮಗೇಕೆ?" ಎಂದ ಬಡಗಿ.

"ಗಾಳಿಯದಕ್ಕೆ ಇಬ್ಬರು ಬೇಕು. ಇದಕ್ಕೆ ಒಬ್ಬ ಸಾಕು."

"ಇದನ್ನೇ ಕೊಡಿ."

ವರ್ತಕನಿಗೆ ಮಾರಾಟ ಮುಖ್ಯ. ಗನ್ನನ್ನು ಪೆಟ್ಟಿಗೆಗೆ ಹಾಕಿಕೊಟ್ಟ.

ಬಡಗಿ ಹೊಸ ಗನ್ನಿನ ವಿಷಯವನ್ನು ಜೊತೆಗಾರನಿಗೆ ಹೇಳಲಿಲ್ಲ. ಹೇಳಿದರೆ ಮಾತು ಬೆಳೆಯುತ್ತದೆ ಎಂದುಕೊಂಡ. "ನಾಳೆಯಿಂದ ಬರಬೇಡ" ಎಂದಷ್ಟೇ ಹೇಳಿದ. ಜೊತೆಗಾರ ಏಕೆಂದು ಕೇಳಲಿಲ್ಲ. ಪೈಪು ಸುತ್ತಿದ. ಧೂಳು ಒರೆಸಿದ. ಅದರ ಜಾಗದಲ್ಲಿ ಇಟ್ಟು ಹೊರಟುಹೋದ.

ಬಡಗಿ ಊರಾಚೆಯ ಗುಡ್ಡದ ಮೇಲೆ ಒಂದು ಮನೆಯ ಕೆಲಸ ಹಿಡಿದ. ಮೊದಲ ವಾರ ಕೆಲಸ ಓಡಿತು. ಕಾಯುವುದಿಲ್ಲ, ಕರೆಯುವುದಿಲ್ಲ. ತಾಗಿದಲ್ಲೆಲ್ಲ ಮೊಳೆ. ಎರಡನೆಯ ವಾರ ಒಂದು ವಿಷಯ ಅವನ ಗಮನಕ್ಕೆ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವನು ಒಂದು ಮಾತನ್ನೂ ಆಡಿರಲಿಲ್ಲ. ಸಂಜೆ ಇಳಿಯುವ ಮೊದಲು ಕೈ ತಾನಾಗಿ ಎರಡು ಸಲ ತಟ್ಟಿತು. ಒಂದು ಗಳಿಗೆ ಕಾದ. ಆಮೇಲೆ ತನ್ನನ್ನು ತಾನೇ ಬೈದುಕೊಂಡು ಇಳಿದ. ಏಣಿ ಅಲುಗಿತು.

ಮೂರನೆಯ ವಾರ ಒಂದು ಮಧ್ಯಾಹ್ನ, ಗನ್ನಿನ ಮೂತಿ ಪಕಾಸಿಯ ಗಂಟಿನ ಮೇಲೆ ಬಿತ್ತು. ಗಂಟು ಗಟ್ಟಿ. ಗನ್ನು ಎಗರಿತು. ಬೆರಳು ಗುಂಡಿಯ ಮೇಲೆಯೇ ಇತ್ತು. ಎಗರಿದ ಗನ್ನು ಮತ್ತೆ ತಾಗಿದ್ದು ಮರ ಹಿಡಿದಿದ್ದ ಅವನ ಎಡಗೈಗೆ. ಮೊಳೆ ಕೈ ದಾಟಿ ಮರದೊಳಗೆ ಕೂತಿತು.

ಕೈ ಕೀಳಲು ಆಗಲಿಲ್ಲ. ಮೊಳೆ ಕೀಳುವ ಸುತ್ತಿಗೆ ಕೆಳಗೆ ಪೆಟ್ಟಿಗೆಯಲ್ಲಿತ್ತು. ಹತ್ತು ವರ್ಷ ಅದನ್ನು ಜೊತೆಗಾರನೇ ಮೇಲಕ್ಕೆ ಕೊಡುತ್ತಿದ್ದ. ಹತ್ತುವಾಗ ತೆಗೆದುಕೊಳ್ಳುವುದು ಬಡಗಿಗೆ ಅಭ್ಯಾಸವೇ ಇರಲಿಲ್ಲ. ಮೊಬೈಲು ಅಂಗಿಯ ಜೇಬಿನಲ್ಲಿತ್ತು. ಅಂಗಿ ಕೆಳಗೆ ಕಂಬಕ್ಕೆ ತೂಗುತ್ತಿತ್ತು.

ಕೂಗಿದ. ಗುಡ್ಡದ ಗಾಳಿ ಕೂಗನ್ನು ಆಚೆಗೆ ಒಯ್ದಿತು. ಗಂಟಲು ಕಟ್ಟಿತು. ಆಮೇಲೆ ಬಲಗೈಯಲ್ಲಿ ಗನ್ನನ್ನು ಹಿಂದುಮುಂದು ಹಿಡಿದು ತೊಲೆಯ ಮೇಲೆ ಬಡಿಯತೊಡಗಿದ. ಎರಡು ಸಲ. ನಿಲ್ಲಿಸಿ, ಮತ್ತೆ ಎರಡು ಸಲ. ಅದೊಂದೇ ಅವನ ಕೈಗೆ ಗೊತ್ತಿತ್ತು.

ಆ ಸದ್ದು ಕೆಳಗಿನ ರಸ್ತೆಯವರೆಗೂ ಕೇಳುತ್ತಿತ್ತು. ಸೌದೆ ಹೊತ್ತ ಹೆಂಗಸರು ಕೇಳಿಸಿಕೊಂಡರು. ಹಾಲಿನ ಗಾಡಿಯವನು ಕೇಳಿಸಿಕೊಂಡ. ಕಟ್ಟುತ್ತಿರುವ ಮನೆಯಿಂದ ಬಡಿಯುವ ಸದ್ದು ಬಂದರೆ ಯಾರು ನಿಲ್ಲುತ್ತಾರೆ? ಕೆಲಸ ನಡೆಯುತ್ತಿದೆ ಎಂದುಕೊಂಡು ಎಲ್ಲರೂ ಹೋದರು.

ಹೊತ್ತು ಇಳಿಯುವಾಗ ಮನೆಯ ಯಜಮಾನ ಬಂದ. ಏಣಿಯ ಬುಡದಲ್ಲಿ ನಿಂತು ರೇಗಿದ.

"ಮಧ್ಯಾಹ್ನದಿಂದ ಬಡಿಯುತ್ತಲೇ ಇದ್ದೀಯಂತೆ. ಒಂದು ಪಕಾಸಿಯಾದರೂ ಮುಂದೆ ಹೋಗಿದೆಯೇ?"

ಆಮೇಲೆ ಅವನು ಕಂಬದ ಮೇಲಿನ ರಕ್ತ ನೋಡಿದ.

ಬಡಗಿಯ ಜೀವ ಉಳಿಯಿತು. ಎಡಗೈಯ ಬೆರಳುಗಳು ಮಡಚುವುದನ್ನು ಮರೆತವು. ಉಳಿ ಹಿಡಿಯಲು ಎರಡು ಕೈ ಬೇಕು. ಅವನ ಕಸುಬು ಮುಗಿಯಿತು.

ಒಂದು ದಿನ ಜೊತೆಗಾರ ನೋಡಲು ಬಂದ. ಆ ಕೈಯನ್ನು ನೋಡಿದ. ಆಮೇಲೆ ಹೇಳಿದ.

"ಅವತ್ತು ಮಧ್ಯಾಹ್ನ ನಾನು ಆ ರಸ್ತೆಯಲ್ಲೇ ಹೋಗುತ್ತಿದ್ದೆ ಮಾರಾಯ. ನೀನು ತಟ್ಟಿದ್ದು ಕೇಳಿಸಿತು."

ಬಡಗಿ ತಲೆ ಎತ್ತಿದ. "ಕೇಳಿಸಿತೇ? ಮತ್ತೆ?"

"ಗಾಳಿ ಬಿಡಲು ಬೇರೆ ಯಾರನ್ನೋ ಇಟ್ಟುಕೊಂಡಿದ್ದೀಯ ಅಂದುಕೊಂಡೆ. ನಮ್ಮ ತಟ್ಟನ್ನೇ ಅವನಿಗೂ ಕಲಿಸಿದ್ದೀಯಲ್ಲ ಎಂದು ಬೇಜಾರಾಯಿತು. ಆದರೂ ಸ್ವಲ್ಪ ಹೊತ್ತು ನಿಂತೆ. ಕೆಳಗಿನಿಂದ ಒಂದು ತಟ್ಟು ಬರುತ್ತದೇನೋ ಎಂದು."

"ಬರಲಿಲ್ಲ."

"ಹೂಂ, ಬರಲಿಲ್ಲ. ಹೊಸಬ, ಇನ್ನೂ ಪಳಗಿಲ್ಲ ಅಂದುಕೊಂಡು ಹೋದೆ."

ಕತೆ ಇಲ್ಲಿಗೆ ನಿಂತಿತು. ವೀರಾಚಾರಿ ತನ್ನ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದ. ಕೇಳಿದ.

"ಹಾಗಾದರೆ ಗಾಳಿಯದನ್ನೇ ಕೊಳ್ಳಲೇ, ಬುದ್ಧಿ?"

ಗುರುಗಳು ಗೋಡೆಯ ಗಡಿಯಾರ ನೋಡಿದರು. ಹತ್ತಕ್ಕೆ ಮಠ ತಲುಪುವ ಬಸ್ಸು ವೀರಾಚಾರಿಯ ಊರು ಬಿಡುವ ಹೊತ್ತಾಗಿತ್ತು.

"ಗನ್ನು ಯಾವುದನ್ನಾದರೂ ಕೊಳ್ಳು, ನೀನು ಬರುತ್ತೀಯೆಂದು ಬಸ್ಸು ಹತ್ತದೆ ನಿಂತಿರುವ ನಿನ್ನ ಭಾವನಿಗೆ ಏನು ಹೇಳುತ್ತೀಯ?"