ಬೆಟ್ಟ ಅಗೆದು ಇಲಿ ಹಿಡಿದವಳು

ಆ ಹಲ್ಲನ್ನ ನಾಲಿಗೆಲಿ ಅಲ್ಲಾಡಿಸೋದು ಬಿಡು ಕೂಸೇ, ಬೀಳೋ ಹೊತ್ತಿಗೆ ಅದೇ ಬೀಳುತ್ತೆ. ಕಾಲು ಆ ಕಡೆ ಚಾಚು, ನನ್ನ ಮಂಡಿ ಮೇಲೆ ಹಾಕ್ಬೇಡ, ಮೊದಲೇ ಸೋತು ಸುಣ್ಣ ಆಗಿದೀನಿ. ಹ್ಞೂಂಗುಡ್ತಾ ಇರಬೇಕು, ನಿನ್ನ ಹ್ಞೂಂ ನಿಂತ್ರೆ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ರಾಜರು ಹುಟ್ಟೋಕೂ ಮುಂಚೆ, ಮನುಷ್ಯರೇ ಹುಟ್ಟೋಕೂ ಮುಂಚೆ, ಮನೆಗಾತ್ರದ ಹಲ್ಲಿಗಳು ಭೂಮಿನ ಆಳ್ತಿದ್ವಂತೆ. ಅವುಗಳ ಕಾಲಡಿಲಿ ಇಲಿಯಂಥ ಒಂದು ಪುಟ್ಟ ಜೀವ, ಮೈತುಂಬ ಕೂದಲು, ಹಗಲೆಲ್ಲ ಬಿಲದಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹುಳಹುಪ್ಪಟೆ ತಿಂದು ಹೆಂಗೋ ಜೀವ ಹಿಡ್ಕೊಂಡಿತ್ತಂತೆ. ಹಸು, ನಾಯಿ, ಆನೆ, ನೀನು, ನಾನು, ತಾಯಿ ಹಾಲು ಕುಡಿದು ಬೆಳೆಯೋ ನಾವೆಲ್ಲ ಅಂಥದ್ದೇ ವಂಶವಂತೆ. ಆಮೇಲೆ ಎಷ್ಟೋ ಯುಗ ಕಳೆದು, ಹಲ್ಲಿಗಳೂ ಸತ್ತು, ಇಲಿನೂ ಸತ್ತು, ಎಲ್ಲ ಮಣ್ಣಲ್ಲಿ ಹೂತು ಕಲ್ಲಾದ್ವಂತೆ.

ಆಮೇಲೆ ಮೊನ್ನೆ ಮೊನ್ನೆ, ಒಬ್ಬ ಗುರುಗಳ ಹತ್ರ ಮೂರು ಜನ ಶಿಷ್ಯರಿದ್ರಂತೆ. ಕಲ್ಲಾದ ಮೂಳೆ ಅಗೆದು ಹಳೇ ಜೀವಗಳ ಸಂಗತಿ ತಿಳಿಯೋದು ಅವರ ಕಸುಬು. ಗುರುಗಳು ಹೊಳೆ ದಂಡೆಯ ಕೆಂಪು ಗುಡ್ಡ ತೋರಿಸಿ, ಯಾರ್ಯಾರು ಏನೇನು ಹುಡುಕ್ತೀರಪ್ಪಾ ಅಂತ ಕೇಳಿದ್ರಂತೆ. ದೊಡ್ಡೋನು ಹಲ್ಲಿರಾಜನ ತೊಡೆಮೂಳೆ ಅಂದ. ನಡುವಿನೋನು ಮೊಸಳೆ ತಲೆಬುರುಡೆ ಅಂದ. ಕಿರಿಯೋಳು ಅಂಬುಜಾಕ್ಷಿ ಅಂತ, ಅವಳು ಮಾತ್ರ, ಮಕ್ಕಳಿಗೆ ಹಾಲೂಡಿಸಿದ ಹಳೇ ತಾಯಿನ ಹುಡುಕ್ತೀನಿ ಅಂದಳಂತೆ. ಅಣ್ಣಂದಿರಿಬ್ಬರೂ ಬಿದ್ದು ಬಿದ್ದು ನಕ್ಕು, ಹಾಲು ಎಲ್ಲಾದ್ರೂ ಕಲ್ಲಾಗುತ್ತೇನೇ ತಾಯಿ, ಬೆಟ್ಟ ಅಗೆದು ಇಲಿ ಹಿಡಿಯೋಕೆ ಹೊರಟೆಯಲ್ಲ ಅಂದ್ರಂತೆ.

ಹಾಲು ಉಳಿಯಲ್ಲ, ಹಲ್ಲು ಉಳಿಯುತ್ತೆ ಅಂದಳಂತೆ ಅಂಬುಜಾಕ್ಷಿ. ಮೊಸಳೆಗೆ ಸಾಯೋವರೆಗೂ ಹಲ್ಲು ಬೀಳ್ತಾನೇ ಇರುತ್ತೆ, ಹುಟ್ತಾನೇ ಇರುತ್ತೆ. ತಾಯಿ ಹಾಲು ಕುಡಿಯೋ ಮರಿಗೆ ಹುಟ್ಟುತ್ಲೇ ಅಗಿಯೋ ಕೆಲಸ ಇಲ್ಲವಲ್ಲ, ಅದಕ್ಕೇ ಅದಕ್ಕೆ ಹಾಲುಹಲ್ಲು ಒಂದು ಸಲ, ಅದು ಬಿದ್ದ ಮೇಲೆ ಗಟ್ಟಿಹಲ್ಲು ಒಂದು ಸಲ, ಅಷ್ಟೇ. ಆ ಇಲಿಯಂಥ ಜೀವದ್ದು ಬಿದ್ದ ಹಾಲುಹಲ್ಲು ಒಂದು ಸಿಕ್ಕಿದ್ರೆ ಅಲ್ಲೊಬ್ಬ ತಾಯಿ ಹಾಲೂಡಿಸಿದ್ದಳು ಅಂತ ನಂಬಬಹುದು. ಗುರುಗಳು ಗಡ್ಡ ಕೆರ್ಕೊಂಡು, ಮೂರು ಬೇಸಿಗೆ ಕೊಟ್ಟೆ ಹೋಗು, ಸಿಗದಿದ್ರೆ ನಿನ್ನ ಗುಂಡಿ ಮುಚ್ಚಿಸಿ ಅಣ್ಣಂದಿರ ಮೂಳೆ ಒರೆಸೋಕೆ ಕೂರಿಸ್ತೀನಿ ಅಂದ್ರಂತೆ.

ಹ್ಞೂಂ ಅನ್ನು.

ಅವಳ ಕೆಲಸ ಏನು ಕಡಿಮೆನಾ. ಮಣ್ಣು ಹೊತ್ತು ತಂದು, ಬಿಸಿಲಿಗೆ ಒಣಗಿಸಿ, ಹೆಂಟೆ ಬಿಡಲಿ ಅಂತ ಸೀಮೆಎಣ್ಣೆಲಿ ನೆನೆಹಾಕಿ, ಮೂರು ಜರಡಿ ಒಂದರ ಕೆಳಗೊಂದು ಇಟ್ಟು ಹೊಳೆಲಿ ತೊಳೆದು, ಉಳಿದ ಪುಡಿನ ತಟ್ಟೆಗೆ ಹರಡಿ, ಭೂತಗನ್ನಡಿ ಕೆಳಗೆ ಕುಂಚದ ತುದಿಲಿ ಒಂದೊಂದೇ ಕಾಳು ಆರಿಸಬೇಕು, ಅಕ್ಕಿಲಿ ಕಲ್ಲು ಆರಿಸಿದ ಹಾಗೆ. ಕುಂಚದ ತುದಿ ಒದ್ದೆ ಇದ್ರೆ ಸಣ್ಣದೆಲ್ಲ ಅಂಟ್ಕೊಳ್ಳುತ್ತೆ ಅಂತ ಘಳಿಗೆಗೊಂದು ಸಲ ಅದನ್ನ ನಾಲಿಗೆಗೆ ತಾಗಿಸ್ಕೊಳ್ಳೋಳಂತೆ. ಉಂಡ ಅನ್ನನೂ ಸೀಮೆಎಣ್ಣೆ ವಾಸನೆ, ಬೆನ್ನಂತೂ ಕೇಳಲೇಬೇಡ.

ಮೊದಲನೇ ಬೇಸಿಗೆಲಿ ದೊಡ್ಡೋನಿಗೆ ಕಂಬದಂಥ ತೊಡೆಮೂಳೆ ಸಿಕ್ತು, ಪೇಪರಲ್ಲಿ ಫೋಟೋ ಬಂತು. ಇವಳಿಗೆ ಬರೀ ಮೀನಿನ ಹುರುಪೆ. ಎರಡನೇ ಬೇಸಿಗೆಲಿ ನಡುವಿನೋನಿಗೆ ಮೊಸಳೆ ಬುರುಡೆ ಸಿಕ್ತು. ಇವಳಿಗೂ ಒಂದು ಹಲ್ಲು ಸಿಕ್ತಂತೆ, ಎಳ್ಳುಕಾಳಿನಷ್ಟು. ಕುಂಚಕ್ಕೆ ಅಂಟಿಸ್ಕೊಂಡು ಮೇಲೆತ್ತಿದಳು, ಡಬ್ಬಿ ಕಡೆ ತಿರುಗಿದಳು, ಅಷ್ಟರಲ್ಲಿ ಸುಸ್ತಿಗೆ ಕಣ್ಣು ಮುಚ್ಕೊಂಡ್ವು, ಕೈ ತನ್ನ ಪಾಡಿಗೆ ತಾನು ಕುಂಚನ ನಾಲಿಗೆಗೆ ಒಯ್ತು. ನುಂಗಿಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಅಳ್ತಾರೆ ಎಲ್ಲರೂ, ಇವಳದ್ದು ಬಾಯಿಗೇ ಹೋಯ್ತು ಅಂತ ಅಣ್ಣಂದಿರು ಆಡ್ಕೊಂಡ್ರಂತೆ. ನಗಬೇಡ ಕಣೇ. ಪಾಪ, ಅವಳು ಗುಂಡಿಲಿ ಕೂತು ಅತ್ತಳಂತೆ.

ಮೂರನೇ ಬೇಸಿಗೆನೂ ಹಂಗೇ ಸವೀತು. ಮೋಡ ಕಟ್ತು, ಗುಂಡಿ ಮುಚ್ಚೋಕೆ ಗುರುಗಳು ಆಳುಗಳನ್ನ ಕರ್ಕೊಂಡು ಬಂದ್ರು. ಕೊನೇ ಚೀಲ ಒಂದು ಉಳಿದಿತ್ತು. ಸಾಕಪ್ಪಾ, ಇದನ್ನ ಹೊಳೆಗೇ ಸುರಿದುಬಿಡ್ತೀನಿ ಅಂತ ದಡಕ್ಕೆ ಎಳ್ಕೊಂಡು ಹೋದಳಂತೆ. ಎತ್ತಿ ಸುರಿಯೋಕೂ ತ್ರಾಣ ಇರಲಿಲ್ಲವಂತೆ. ಚೀಲದ ಪಕ್ಕ ಕೂತಳು. ಕೂತವಳ ಕೈ ಸುಮ್ಮನಿರುತ್ತಾ, ಅಭ್ಯಾಸಬಲ, ಬೊಗಸೆ ಬೊಗಸೆ ಜರಡಿಗೆ ಹಾಕಿ ತೊಳೆದಳಂತೆ. ಆಮೇಲೆ ಒಣಗಿಸಿ, ತಟ್ಟೆಗೆ ಹರಡಿ, ಆರಿಸ್ತಾ ಆರಿಸ್ತಾ ಮೂಲೆಲಿ ಕಂಡ್ತಂತೆ, ಎಳ್ಳುಕಾಳಿನಷ್ಟು ಹಲ್ಲು. ಈ ಸಲ ಕುಂಚನ ನೀರಿಗೆ ಅದ್ದಿದಳು, ಬಾಯಿ ಬಿಗಿಯಾಗಿ ಮುಚ್ಕೊಂಡಳು, ಹಲ್ಲನ್ನ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ ಮೇಲೇ ಉಸಿರು ಬಿಟ್ಟಳಂತೆ.

ಗುರುಗಳು ಬಗ್ಗಿ ಎಷ್ಟೋ ಹೊತ್ತು ನೋಡಿದ್ರು. ದೊಡ್ಡೋನೂ ನೋಡಿ, ಪಾಪ, ಯಾವುದೋ ಸತ್ತ ಮರಿದಲ್ವಾ ಅಂದನಂತೆ.

ಅಲ್ಲಣ್ಣ, ಸತ್ತ ಮರಿದಾಗಿದ್ರೆ ಬೇರು ಉಳಿದಿರ್ತಿತ್ತು ಅಂದಳಂತೆ ಅಂಬುಜಾಕ್ಷಿ. ನೋಡು, ಇದಕ್ಕೆ ಬೇರು ಇಲ್ಲವೇ ಇಲ್ಲ, ಕೆಳಗಿಂದ ಗಟ್ಟಿಹಲ್ಲು ಬಂದು ಬೇರನ್ನ ಕರಗಿಸಿದೆ. ನಿನ್ನ ತೊಡೆಮೂಳೆ, ಅವನ ಬುರುಡೆ, ಎಲ್ಲ ಸತ್ತವರು ಬಿಟ್ಟಿದ್ದು. ಇದು ಮಾತ್ರ ಬದುಕಿದ ಮರಿ ಬಿಟ್ಟಿದ್ದು. ಅಷ್ಟು ದೊಡ್ಡ ಹಲ್ಲಿಗಳ ನಡುವೆ ಅದರಮ್ಮ ಹೆಂಗೋ ಹಾಲೂಡಿಸಿ ಅದನ್ನ ಹಲ್ಲು ಬೀಳೋಷ್ಟು ದೊಡ್ಡದು ಮಾಡಿದಳು. ಅವಳೂ ಎಷ್ಟು ದಣಿದಿದ್ದಳೋ.

ಆಮೇಲೆ ಗುರುಗಳು ಆಳುಗಳಿಗೆ, ಗುದ್ದಲಿ ಕೆಳಗಿಡಿ, ಈ ಗುಂಡಿ ಮುಚ್ಚಲ್ಲ ಅಂದ್ರಂತೆ. ಆ ಮಾತು ಕೇಳೋಕೆ ಅಂಬುಜಾಕ್ಷಿ ಎಚ್ಚರ ಇದ್ರೆ ತಾನೇ, ಖಾಲಿ ಚೀಲದ ಮೇಲೇ ಮಗ್ಗುಲಾಗಿ ನಿದ್ದೆ ಹೋಗಿದ್ದಳಂತೆ. ನಗ್ತಿದ್ದ ಅಣ್ಣಂದಿರೇ ಅವಳಿಗೆ ಕಂಬಳಿ ಹೊದಿಸಿ, ಗದ್ದಲ ಮಾಡಬೇಡ್ರಪ್ಪಾ ಅಂತ ಎಲ್ಲರನ್ನೂ ಆಚೆ ಕಳಿಸಿದ್ರಂತೆ.

ಅವಳೂ ಮಲಗಿದಳು, ಕತೆನೂ ಮುಗೀತು. ನಾಳೆ ಈ ಹಲ್ಲು ಬಿದ್ರೆ ಸಗಣಿ ಉಂಡೆಲಿಟ್ಟು ಮಾಡಿನ ಮೇಲೆ ಎಸೆಯೋಣ, ಆಯ್ತಾ ಕೂಸೇ? ಹ್ಞೂಂ ಅನ್ನೇ. ಅಯ್ಯೋ, ಯಾವಾಗ ನಿದ್ದೆ ಹೋಯ್ತೋ ಇದು.