ತಾಯಿಯವರು ಹೊತ್ತ ಬುತ್ತಿ

ಕಲ್ಲೂರಿನ ಊರಾಚೆಯ ಚಿಕ್ಕ ಮಠದಲ್ಲಿ ಪೂಜ್ಯ ಮಹಾಲಿಂಗಮ್ಮ ತಾಯಿಯವರು ಅಂದು ದಾಸೋಹದ ಜೋಳ ಹಸನು ಮಾಡುತ್ತ ಕುಳಿತಿದ್ದರು. ಬಾಳವ್ವ ಏದುಸಿರು ಬಿಡುತ್ತ ಬಂದವಳೇ ಕೈ ಚಾಚಿದಳು.

"ಭಸ್ಮ ಕೊಡ್ರಿ ಯವ್ವಾ. ಸೊಸೀಗೆ ದಿನ ತುಂಬ್ಯಾವು. ರಕ್ತದಾಗ ಎಚ್‌ಐವಿ ಐತಂತ. ದವಾಖಾನಿಗೆ ಹೋದ್ರ ಊರಿಗೆಲ್ಲಾ ಗೊತ್ತಾಗತೈತಿ. ಹೆರಿಗಿ ಮನ್ಯಾಗ ಮಾಡಸ್ತೀನಿ."

ಸೊಸೆ ಕಸ್ತೂರಿ ಬಾಗಿಲ ಹೊರಗೇ ನಿಂತಿದ್ದಳು. ಸೋಂಕು ತಗಲಿದ್ದು ಗಂಡನಿಂದ. ಆದರೂ ತವರಿನವರು ಅವಳಿಗೇ "ಬಾಣಂತನಕ್ಕೆ ಇಲ್ಲಿಗೆ ಬರಬ್ಯಾಡ" ಎಂದು ಹೇಳಿಕಳಿಸಿದ್ದರು.

"ಗುಳಿಗಿ ತಗೊಳ್ಳಾಕತ್ತಿಯೇನ ಮಗಳ?" ತಾಯಿಯವರು ಕೇಳಿದರು.

"ದಿನಾ ತಗೋತೀನ್ರಿ. ದವಾಖಾನ್ಯಾಗ ಹಡದ್ರ ಕೂಸಿಗೂ ಹುಟ್ಟಿದ ಕೂಡ್ಲೇ ಔಷಧ ಹಾಕ್ತಾರಂತ. ರೋಗ ಅದಕ್ಕ ದಾಟದಂಗ ತಡೀತಾರಂತ."

"ತವರವ್ರೇ ಕೈ ಬಿಟ್ಟಾರ, ಇನ್ಯಾರು ಕರಕೊಂಡು ಹೋಗ್ತಾರ?" ಬಾಳವ್ವ ಸಿಡುಕಿದಳು.

ತಾಯಿಯವರು ಭಸ್ಮ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಲೂರಿಗೆ ಕಲ್ಲೂರೇ ಬೀದಿಗೆ ಬಂತು! ಹರೆಯದಲ್ಲೇ ಸಂಸಾರ ತೊರೆದ ತಾಯಿಯವರು ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು, ಕೈಯಲ್ಲಿ ಹಸಿರು ಕುಬಸ ಹಿಡಿದು ನಡೆದುಬರುತ್ತಿದ್ದರು. ಬಸುರಿ ಮಗಳ ಮನೆಗೆ ತವರಿನವರು ಬರುವ ರೀತಿ ಅದು. ಹಿಂದೆ ಹಾಡುತ್ತ ಹೆಂಗಸರ ಗುಂಪು. ಸೋಂಕಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ, ತಾಯಿಯವರು ಗೊತ್ತುಮಾಡಲೂ ಇಲ್ಲ.

ಬಾಳವ್ವ ಹೊಸ್ತಿಲಿಗೆ ಓಡಿಬಂದಳು. "ನೀವು ಬುತ್ತಿ ಹೊರೂದಾ, ಯವ್ವಾ!"

"ಬೀಗತಿ, ಮಗಳನ್ನ ಕರಿಯಾಕ ಬಂದೀನಿ. ಹೆರಿಗಿ ಜಿಲ್ಲಾ ದವಾಖಾನ್ಯಾಗ, ಬಾಣಂತನ ಮಠದಾಗ. ಕಳಸ್ತೀರೋ ಇಲ್ಲೋ?"

ಹೆಂಗಸರು ಬಿಡುತ್ತಾರೆಯೇ? "ಇಂಥಾ ಬೀಗತಿ ಯಾರಿಗೆ ಸಿಗ್ತಾಳ ಬಾಳವ್ವಾ? ಬಾಯಿಗೇನು ಬೀಗ ಬಿತ್ತಾ? ಹೂಂ ಅನ್ನ!"

ಬಾಳವ್ವ ಅಳುತ್ತ ಕಾಲಿಗೆರಗಲು ಬಾಗಿದಳು. ತಾಯಿಯವರು ಭುಜ ಹಿಡಿದು ತಡೆದರು.

"ನನ್ನ ಕಾಲು ಬ್ಯಾಡ. ಆಕಿ ಉಡಿ ತುಂಬರಿ."

ಹಲವು ತಿಂಗಳಿಂದ ಸೊಸೆಯ ತಟ್ಟೆಯನ್ನೂ ಮುಟ್ಟದಿದ್ದ ಕೈಗಳು ಅಂದು ಅವಳ ಉಡಿ ತುಂಬಿದವು.

ಹೆಣ್ಣುಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಎತ್ತರದ ಧ್ವನಿ ನರ್ಸನ್ನು ಕೂಗುತ್ತಿದ್ದ ಬಾಳವ್ವನದೇ: "ಅಕ್ಕಾರ, ಮೊದಲ ಕೂಸಿಗೆ ಔಷಧ ಹಾಕ್ರಿ! ಎತ್ತಾಡಸೂದು ಆಮ್ಯಾಲೆ!" ಕೊನೆಯ ಪರೀಕ್ಷೆಯವರೆಗೂ ಮಗುವಿನಲ್ಲಿ ಸೋಂಕು ಕಾಣಲಿಲ್ಲ. ಇದನ್ನು ಪವಾಡವೆಂದು ಸಾರುವ ಭಕ್ತರು ತಿದ್ದಿಕೊಳ್ಳಬೇಕು. ಅದು ತಪ್ಪದೆ ನುಂಗಿದ ಗುಳಿಗೆಯ ಫಲ, ಹೊತ್ತಿಗೆ ಸರಿಯಾಗಿ ಹಾಕಿದ ಔಷಧದ ಫಲ. ತಾಯಿಯವರೇ ಹೀಗೆ ಹೇಳಿ ಎಷ್ಟೋ ಜನರನ್ನು ಗದರಿಸಿದ್ದುಂಟು.

ಈಗಲೂ ಸೊಸೆಯ ಜೊತೆ ಗುಳಿಗೆಗೆಂದು ಹೋದಾಗ ಆ ಆಸ್ಪತ್ರೆಯ ಬೆಂಚಿನ ಮೇಲೆ ಬಸುರಿಯೊಬ್ಬಳು ಒಂಟಿಯಾಗಿ ಕುಳಿತಿದ್ದರೆ, ಬಾಳವ್ವ ಹೋಗಿ ಮಗ್ಗುಲಲ್ಲಿ ಕೂರುತ್ತಾಳೆ. ಯಾವ ರೋಗವೆಂದು ಕೇಳುವುದಿಲ್ಲ.

"ಯಾರೂ ಬಂದಿಲ್ಲೇನವಾ? ಇರಲಿ ಬಿಡು, ನಾ ಬಂದೀನಲ್ಲ."