ಹಾಲೆ ಮರಕ್ಕೆ ಕಟ್ಟಿದ ದಾರ

ನಗು ಬಂದರೆ ನಗಿ, ಆದರೆ ಐತನನ್ನು ಬೈಯಬೇಡಿ. ಬೈಯುವ ಕೆಲಸ ಅವನಮ್ಮ ಅಕ್ಕು ಸಾಕಷ್ಟು ಮಾಡಿದ್ದಾಳೆ.

ಆಟಿ ಅಮಾವಾಸ್ಯೆಗೆ, ಅಂದರೆ ಆಷಾಢದ ಅಮಾವಾಸ್ಯೆಗೆ, ಇನ್ನೊಂದು ದಿನ ಉಂಟು. ಆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಕುಡಿದರೆ ವರ್ಷವಿಡೀ ಕಾಯಿಲೆ ಇಲ್ಲ ಅಂತ ಊರಿನ ನಂಬಿಕೆ. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೀಬೇಕು. ಅಕ್ಕುವಿಗೆ ಮಂಡಿನೋವು, ಗುಡ್ಡ ಹತ್ತಲಾರಳು. ಹೋಗಬೇಕಾದವನು ಯಾರು? ಐತ!

ದಾರದ ಉಂಡೆ ಕೊಟ್ಟು ಹೇಳಿದಳು, “ಮಗಾ, ಹಾಲೆಯ ಪಕ್ಕದಲ್ಲೇ ಕಾಸರಕನ ಮರ ಉಂಟು. ಅದು ವಿಷ, ಕುಡಿದರೆ ಸತ್ತೇ ಹೋಗ್ತೇವೆ. ಕತ್ತಲಲ್ಲಿ ಎರಡೂ ಒಂದೇ ತರ. ಈಗಲೇ ಹೋಗಿ ಗುರುತಿಗೆ ದಾರ ಕಟ್ಟಿ ಬಾ.”

ಹೋದ. ಕಟ್ಟಿದ. ಬಂದ.

“ಯಾವುದಕ್ಕೆ ಕಟ್ಟಿದೆ?”

“ಎರಡಕ್ಕೂ! ಒಂದಕ್ಕೆ ಕಟ್ಟಿ ಇನ್ನೊಂದನ್ನು ಬಿಟ್ಟರೆ ಪಾಪ ಅಲ್ವಾ ಅಮ್ಮ?”

“ಅಯ್ಯೋ ನನ್ನ ಕರ್ಮವೇ! ಬಿಚ್ಚು ಎರಡನ್ನೂ! ಎಲೆ ಚಿವುಟಿ ನೋಡು, ಬಿಳಿ ಹಾಲು ಬಂದರೆ ಮಾತ್ರ ಕಟ್ಟು.”

ಹೋದ. ಬಿಚ್ಚಿದ. ಹಾಲೆಯ ಎಲೆ ಕೈಗೆಟುಕಲಿಲ್ಲ. ಎಟುಕಿದ್ದಕ್ಕೆ ಕಟ್ಟಿ ಬಂದ.

“ಅಂಗಳದ ಹಲಸಿಗೆ ಕಟ್ಟಿದೆ ಅಮ್ಮ! ಎಷ್ಟು ಹಾಲು ಗೊತ್ತುಂಟಾ?”

“ಪೆದ್ದೇ! ಇಷ್ಟು ವರ್ಷ ಹಲಸಿನ ಹಣ್ಣು ತಿಂದವನಿಗೆ ಹಲಸು ಗೊತ್ತಾಗ್ಲಿಲ್ವಾ? ಹಾಲೆಗೆ ಒಂದೇ ಕಡೆ ಆರೇಳು ಎಲೆ ಸುತ್ತ ಬಿಚ್ಚಿಕೊಂಡಿರುತ್ತೆ. ಅದಕ್ಕೆ ಕಟ್ಟು. ಬೆಳಿಗ್ಗೆ ದಾರ ಇಲ್ಲದ ಮರದಿಂದ ತೊಗಟೆ ತೆಗೀಬೇಡ. ತೆಗೀಲೇಬೇಡ!”

ಈ ಸಲ ಸರಿಯಾದ ಮರಕ್ಕೇ ಕಟ್ಟಿದ. ಹೌದು ಮಾರಾಯ್ರೇ, ನಾನು ಸುಳ್ಳು ಹೇಳೋದಿಲ್ಲ.

ಬೆಳಗಿನ ಕತ್ತಲಲ್ಲೇ ತೊಗಟೆಯೂ ಬಂತು. ಅಕ್ಕು ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಂಯ್ ಅಂತ ಅದರಲ್ಲಿ ಮುಳುಗಿಸಿದಳು. ಮೊದಲ ಲೋಟ ಮಗನಿಗೆ. ಐತ ಮೂಗು ಹಿಡಿದು ಲೋಟ ಎತ್ತಿದ.

“ದಾರ ಬೇಗ ಸಿಕ್ತಾ ಮಗಾ?”

“ಎಲ್ಲಿ ಸಿಕ್ತದೆ, ಅಷ್ಟು ಕತ್ತಲು! ಸೊಂಟದಲ್ಲಿ ಉಂಡೆ ಇತ್ತಲ್ಲ, ಕೈಗೆ ಸಿಕ್ಕ ಮರಕ್ಕೆ ಹೊಸ ದಾರ ಕಟ್ಟಿದೆ. ಆಮೇಲೇ ತೊಗಟೆ ತೆಗೆದೆ. ನೀನು ಹೇಳಿದ ಹಾಗೇ!”

ಅಕ್ಕು ಲೋಟಕ್ಕೆ ಹೊಡೆದಳು. ಲೋಟ ಒಂದು ಕಡೆ, ಕಷಾಯ ಒಂದು ಕಡೆ!

“ಕುಡಿದೆಯಾ? ಬಾಯಿ ತೆರೆ! ಒಂದು ಹನಿಯಾದರೂ ಹೋಯ್ತಾ?”

“ಇಲ್ಲಮ್ಮ, ನೀನೇ ಚೆಲ್ಲಿದೆಯಲ್ಲ!”

ಬೆನ್ನಿಗೊಂದು ಕೊಟ್ಟಳು. ಕೊಟ್ಟ ಕೈಯಲ್ಲೇ ತಬ್ಬಿಕೊಂಡು ಅತ್ತಳು. “ನನಗಿರುವುದು ನೀನೊಬ್ಬನೇ ಮಗಾ. ಜೀವದ ವಿಷಯದಲ್ಲಿ ಅಂದಾಜು ಮಾಡಬಾರದು. ಬೇಕಾದ್ದಕ್ಕೆ ಬೆಳಕಿರುವಾಗಲೇ ಗುರುತು ಕಟ್ಟಿಡಬೇಕು. ಗೊತ್ತಾಯ್ತಾ?”

“ಗೊತ್ತಾಯ್ತಮ್ಮ.”

ಬೆಳಕು ಹರಿಯಿತು. ಅಕ್ಕು ಒಲೆ ಮುಂದೆ ಕೂತು ಮೆಂತೆ ಗಂಜಿ ತಿರುವುತ್ತಿದ್ದಳು. ಕಾಲಿಗೇನೋ ಕಚಗುಳಿಯಾಯಿತು. ನೋಡಿದರೆ ಐತ, ಅವಳ ಕಾಲಿಗೆ ದಾರ ಬಿಗಿಯುತ್ತಿದ್ದಾನೆ!

“ಇದೇನೋ?”

“ಕತ್ತಲಲ್ಲಿ ಬೇರೆ ಯಾರನ್ನಾದರೂ ಅಮ್ಮ ಅಂದುಬಿಟ್ಟರೆ?”

ಅಕ್ಕು ಬೈಯಲು ಬಾಯಿ ತೆರೆದಳು. ಬಂದದ್ದು ನಗು. ಗಂಜಿ ಬಡಿಸಲು ಎದ್ದು ನಡೆದರೆ ಐತನೂ ಹಿಂದೆಯೇ ಬಂದ. ದಾರದ ಇನ್ನೊಂದು ತುದಿ ಅವನ ಸೊಂಟದಲ್ಲಿತ್ತು.